ಚೀಟಿಯ ಕೆಳಗಿನ ಸಾಲು

ಕಳೆದ ಭಾನುವಾರ ಸಂಜೆ ಶಾರದಕ್ಕ ಫೋನ್ ಮಾಡಿದರು. ಶಾರದಕ್ಕ ಎಂದರೆ ನಮ್ಮ ಲ್ಯಾಬಿನ ಸರ್ ಅವರ ಒಬ್ಬಳೇ ಮಗಳು, ಮೈಸೂರಿನಲ್ಲಿ ಹೈಸ್ಕೂಲು ಟೀಚರ್.

"ಅಪ್ಪನ ವರ್ಷಾಬ್ದಿಕ ಹತ್ತಿರ ಬಂತು ಕಣೇ. ಆಸ್ಪತ್ರೆ ಕಾಗದದಲ್ಲಿ ಹತ್ತು ಗಂಟೆ ಅಂತ ಬರೆದಿದಾರೆ. ಅಷ್ಟು ಹೊತ್ತಿಗೆ ತಿಥಿ ಬದಲಾಗಿಬಿಟ್ಟಿತ್ತು, ಸರಿಯಾದ ಹೊತ್ತು ಬೇಕು ಅಂತಾರೆ ಪುರೋಹಿತರು. ನಿನ್ನ ಡೈರೀಲಿ ಇರತ್ತೆ ಅಲ್ವಾ?"

ಇತ್ತು. "ಸೋಮವಾರ. ಬೆಳಿಗ್ಗೆ 8.25. ಸರ್ ಫೋನಿನಿಂದ ಕರೆ. ಮಾತನಾಡಿದ್ದು ಕಂಡಕ್ಟರ್. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಐದು ನಿಮಿಷ ಆಯಿತಂತೆ. ಉಸಿರಿಲ್ಲವಂತೆ." ಇಷ್ಟೇ ಬರೆದಿದ್ದೆ. ಆ ಪುಟದಲ್ಲಿ ಮತ್ತೇನೂ ಇಲ್ಲ.

ನಾನು ಹತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಪುಟದ ಎಡಕ್ಕೆ ಗಂಟೆ, ಬಲಕ್ಕೆ ಲೆಕ್ಕ. ತಿಂಗಳ ಕೊನೆಯಲ್ಲಿ ಬಾಕಿ ಕೆಲಸಗಳ ಪಟ್ಟಿ. ಮುಗಿಯದ ಕೆಲಸವನ್ನು ಮುಂದಿನ ತಿಂಗಳಿಗೆ ಅದೇ ನಂಬರಿನಲ್ಲಿ ದಾಟಿಸುತ್ತೇನೆ. ಇದನ್ನು ನೋಡಿ ಮನೆಯಲ್ಲಿ ನಗುತ್ತಾರೆ. ನಗದೇ ಇದ್ದವರು ಸರ್ ಒಬ್ಬರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಯಾವ ಕೆಲಸದ ಮೇಲೂ ಅವರು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅವರು ಉಳಿಸಬೇಕೆಂದುಕೊಂಡದ್ದು ಬೇರೊಬ್ಬರ ಹೆಸರನ್ನು.

ನಂಜನಗೂಡಿನ ಒಂದು ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಮನೆ ತಿ. ನರಸೀಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯಲ್ಲಿ. ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ನಾನು ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ದಿನ ಅವರು ಹೇಳಿದ ಮಾತು ಡೈರಿಯಲ್ಲಿದೆ: "ಇಲ್ಲಿ ಮೂವತ್ತು ಸಿಸ್ಟಮ್ ಇದೆ ಕಣಮ್ಮ. ಇಪ್ಪತ್ತಾರು ನಡೆಯತ್ತೆ. ನಾಲ್ಕು ಗೌರವಕ್ಕೆ." ಆ ನಾಲ್ಕನ್ನೂ ಅವರು ಹಳೆಯ ಪಂಚೆಯ ತುಂಡಿನಿಂದ ಉಳಿದವುಗಳಷ್ಟೇ ಶ್ರದ್ಧೆಯಿಂದ ಒರೆಸುತ್ತಿದ್ದರು.

ಹುಡುಗರು ಒಬ್ಬರ ಪ್ರೋಗ್ರಾಮನ್ನು ಒಬ್ಬರು ನೋಡಿ ಬರೆಯುವುದು ಎಲ್ಲ ಕಾಲೇಜಿನಲ್ಲೂ ಇದ್ದದ್ದೇ. ಸರ್ ಬೈಯುತ್ತಿರಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಮೇಲೆ ಒಂದು ಸಾಲು ಬಿಡಿಸಿದ್ದರು: "ಯಾರಿಂದ ತಿಳಿದದ್ದು." ತಾನೇ ಯೋಚಿಸಿದ್ದಾದರೆ "ಸ್ವಂತ" ಎಂದು ಬರೆಯಬೇಕು. ಮೊದಲ ವಾರ ಎಲ್ಲರೂ ಸ್ವಂತ. ಆಮೇಲೊಂದು ದಿನ ತಗಡೂರಿನ ಕಡೆಯ ಒಬ್ಬ ಹುಡುಗ "ಪಕ್ಕದ ಸಿಸ್ಟಮ್ಮಿನ ಶಿವಮ್ಮನದನ್ನು ನೋಡಿಕೊಂಡು ಬರೆದೆ, ಒಂದು ಸಾಲು ಅರ್ಥವಾಗಲಿಲ್ಲ" ಎಂದು ಬರೆದ. ಸರ್ ಅವನಿಗೆ ಹತ್ತಕ್ಕೆ ಹತ್ತು ಕೊಟ್ಟರು. ಶಿವಮ್ಮ ಜಗಳಕ್ಕೆ ಬಂದಳು.

"ಸಾ, ನಂದು ನೋಡ್ಕೊಂಡವ್ನಿಗೆ ಹತ್ತು, ನಂಗೆ ಒಂಬತ್ತಾ?"

"ನೀನು ಯಾರನ್ನ ಕೇಳಿ ಬರೆದೆ ಅಂತ ಹಾಕಿಲ್ವಲ್ಲಮ್ಮ."

"ಯಾರ್ನೂ ಕೇಳಿಲ್ಲ ಸಾ."

"ನಾನು ಬೋರ್ಡ್ ಮೇಲೆ ಬರೆದಿದ್ದೆ. ನನ್ನ ಹೆಸರಾದ್ರೂ ಹಾಕ್ಬಾರದಾ?"

ಇಡೀ ಲ್ಯಾಬ್ ನಕ್ಕಿತು. ಅವಳ ಒಂಬತ್ತು ಆಮೇಲೆ ಹತ್ತಾಯಿತು.

ಸರ್ ಅವರದು ಇನ್ನೊಂದು ಸ್ವಭಾವ. ಎರಡು ನಿಯಮ ಕಂಡರೆ ಎರಡನ್ನೂ ಪಾಲಿಸುವುದು. ಬ್ಯಾಂಕಿನಲ್ಲಿ ಒಂದು ಬೋರ್ಡು ನೀಲಿ ಶಾಯಿ ಎಂದರೆ ಇನ್ನೊಂದು ಬೋರ್ಡು ಕಪ್ಪು ಶಾಯಿ ಎನ್ನುತ್ತಿತ್ತು. ಸರ್ ಎರಡು ಅರ್ಜಿ ತುಂಬಿಸಿಕೊಂಡು ಹೋದರು. ಕೌಂಟರಿನವನು ನೋಡದೆಯೇ ಮೇಲಿನದನ್ನು ತೆಗೆದುಕೊಂಡ. ಇನ್ನು ಏಕಾದಶಿ. ಅವರ ತಂದೆಯದು ಸ್ಮಾರ್ತ ಮನೆ, ತಾಯಿಯದು ಮಾಧ್ವರ ಮನೆ. ಕೆಲವು ಸಲ ಪಂಚಾಂಗದಲ್ಲಿ ಎರಡು ಏಕಾದಶಿ ಬರುತ್ತದೆ: ಸ್ಮಾರ್ತರಿಗೆ ಇವತ್ತು, ವೈಷ್ಣವರಿಗೆ ನಾಳೆ. ಮನೆಯವರು ತಮ್ಮ ಸಂಪ್ರದಾಯದ್ದನ್ನು ಆರಿಸಿಕೊಳ್ಳುತ್ತಾರೆ. ಸರ್ ಎರಡು ದಿನವೂ ಉಪವಾಸ. ಡಬ್ಬಿಯಿಲ್ಲದೆ ಎರಡು ದಿನ ಸಾಲಾಗಿ ಬಂದದ್ದು ನಾನು ಲೆಕ್ಕ ಇಟ್ಟ ಹಾಗೆ ಐದು ಸಲ.

"ಒಂದನ್ನ ಆರಿಸ್ಕೋಬಹುದಲ್ವಾ ಸರ್?" ಎಂದು ಕೇಳಿದ್ದೆ.

"ಎರಡು ಹೇಳಿದಾರೆ ಅಂದ್ರೆ ಎರಡೂ ಇದೆ ಅಂತ ತಾನೇ. ನಮಗೆ ಹಗುರವಾಗಿದ್ದನ್ನ ಆರಿಸ್ಕೊಂಡ್ರೆ ಅದು ವ್ರತ ಅಲ್ಲಮ್ಮ, ರಜ."

ಆಗ ನಗು ಬಂದಿತ್ತು. ಈಗ ಆ ಮಾತಿನ ಬಳಿ ಬಂದಾಗಲೆಲ್ಲ ಪುಟ ತಿರುಗಿಸಿಬಿಡುತ್ತೇನೆ.

ಅವರ ತಂದೆ ಜೋಯಿಸ ಸುಬ್ಬಾನರಸಿಂಹಯ್ಯನವರು. ಊರಿನ ಎರಡು ಹೊಳೆ ಕೂಡುವ ಸಂಗಮದ ಆಸುಪಾಸಿನ ಹಳ್ಳಿಗಳಿಗೆ ಕೈಯಲ್ಲೇ ಗುಣಿಸಿ ತಿಥಿ ತೆಗೆದುಕೊಡುತ್ತಿದ್ದವರು. ಕಳಲೆಯಲ್ಲಿ ಸೂರ್ಯೋದಯ ಎಷ್ಟು ಹೊತ್ತಿಗೆ, ಬನ್ನೂರಿನಲ್ಲಿ ಎಷ್ಟು ಹೊತ್ತಿಗೆ ಎಂದು ಬೇರೆಬೇರೆ ಬರೆದಿಟ್ಟ ನಲವತ್ತು ಚಿಲ್ಲರೆ ನೋಟುಬುಕ್ಕುಗಳು. ಯಾರು ಕೇಳಿದರೂ ಕೊಡುತ್ತಿದ್ದರಂತೆ. ಕೊಟ್ಟದ್ದು ಎಷ್ಟೋ ಕಡೆ ಅಚ್ಚಾಯಿತು. ಹೆಸರು ಮಾತ್ರ ಎಲ್ಲೂ ಅಚ್ಚಾಗಲಿಲ್ಲ. "ಅಪ್ಪನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ನನಗೆ ಇತ್ತು," ಎಂದಿದ್ದರು ಸರ್.

ಆ ನೋಟುಬುಕ್ಕುಗಳನ್ನೆಲ್ಲ ಇಟ್ಟುಕೊಂಡು ಅವರು ಒಂದು ಪ್ರೋಗ್ರಾಮ್ ಬರೆದರು. ಸಂಗಮಕ್ಕೆ ಅಸ್ಥಿ ಬಿಡಲು, ಶ್ರಾದ್ಧ ಮಾಡಲು ದೂರದಿಂದ ಜನ ಬರುತ್ತಾರೆ. ಹೋದವರ ತಾರೀಖು ಗೊತ್ತಿರುತ್ತದೆ, ತಿಥಿ ಗೊತ್ತಿರುವುದಿಲ್ಲ. ತಾರೀಖು, ಹೊತ್ತು, ಊರು ಕೊಟ್ಟರೆ ಈ ಪ್ರೋಗ್ರಾಮ್ ತಿಥಿಯನ್ನೂ ಈ ವರ್ಷ ಅದು ಬೀಳುವ ದಿನವನ್ನೂ ಚೀಟಿಯಲ್ಲಿ ಅಚ್ಚು ಮಾಡಿಕೊಡುತ್ತದೆ. ಚೀಟಿಯ ಕೆಳಗೆ ಒಂದು ಸಾಲು: "ಗಣಿತ: ಜೋಯಿಸ ಸುಬ್ಬಾನರಸಿಂಹಯ್ಯ, ತಿರುಮಕೂಡಲು." ಅಷ್ಟು ದಿನದ ಕೆಲಸಕ್ಕೆ ಸರ್ ಬಯಸಿದ್ದು ಆ ಒಂದು ಸಾಲು.

ಪ್ರೋಗ್ರಾಮನ್ನು ಅವರು ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಜೊತೆಗೆ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಒಂದು ಉದ್ದನೆಯ ಇಂಗ್ಲಿಷ್ ಲೈಸೆನ್ಸ್ ಇಟ್ಟರು. ಅದರ ತಾತ್ಪರ್ಯ ಇಷ್ಟು: ಬಳಸಿ, ಬದಲಾಯಿಸಿ, ಹಂಚಿ. ಬದಲಾಯಿಸಿ ಹಂಚಿದರೆ ಬದಲಾಯಿಸಿದ್ದನ್ನೂ ಎಲ್ಲರಿಗೂ ತೋರಿಸಿ. ಮೊದಲು ಇದ್ದ ಹೆಸರನ್ನು ಅಳಿಸಬೇಡಿ.

ಮೊದಲು ಬಳಸಿದವನು ನಂಜಪ್ಪ. ತಿ. ನರಸೀಪುರದಲ್ಲಿ ಬಸ್‌ಸ್ಟ್ಯಾಂಡಿನಿಂದ ಹೊಳೆ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಜೆರಾಕ್ಸ್ ಅಂಗಡಿ. ಹಣೆಗೆ ವಿಭೂತಿ, ಕಿವಿಯಲ್ಲಿ ಪೆನ್ಸಿಲ್ಲು. ಸಂಗಮಕ್ಕೆ ಹೋಗುವವರು ಅವನ ಅಂಗಡಿ ದಾಟಿಯೇ ಹೋಗಬೇಕು. ಎರಡು ತಿಂಗಳು ಚೀಟಿ ಕೊಟ್ಟ ಮೇಲೆ ಒಂದು ಶುಕ್ರವಾರ ಅವನು ಪೆನ್ ಡ್ರೈವ್ ಹಿಡಿದುಕೊಂಡು ನಂಜನಗೂಡಿನ ನಮ್ಮ ಲ್ಯಾಬಿಗೇ ಬಂದ.

"ಸಾ, ತಪ್ ತಿಳ್ಕಬ್ಯಾಡಿ. ಇದ ನೀವೇ ಮಡೀಕಳಿ."

"ಯಾಕೋ ನಂಜಪ್ಪ, ತಿಥಿ ತಪ್ಪು ಬಂತಾ?"

"ತಿಥಿ ಸರ್ಯಾಗದೆ ಸಾ. ಲೈಸೆನ್ಸು ಬಿಗಿಯಾಗದೆ. ನಮ್ಮಣ್ಣನ ಮಗ್ಳು ಮೈಸೂರ್ನಾಗೆ ಓದ್ತಾವ್ಳಲ್ಲ, ಅವ್ಳು ಓದಿ ಯೋಳುದ್ಲು. ಚೀಟಿ ಮ್ಯಾಲ್ಗಡೆ ನನ್ ಅಂಗ್ಡಿ ಎಸ್ರ ಅವ್ಳೇ ಆಕ್ಕೊಟ್ಟಿದ್ಲು. ಬದ್ಲಾಯ್ಸುದ್ರೆ ಎಲ್ಲಾರ್ಗೂ ತೋರುಸ್ಬೇಕಂತಲ್ಲ ಸಾ? ನನ್ ಕಂಪ್ಯೂಟರ್ನಾಗೆ ಊರ್ನೋರ ಜಾತಿ ಸರ್ಟಿಫಿಕೇಟು, ಪಾಣಿ, ಗಂಡ ಎಡ್ತೀರ ಕೋರ್ಟ್ ಕಾಗ್ದ ಎಲ್ಲಾ ಅವೆ. ಅದ್ನೆಲ್ಲ ತೋರುಸ್ಬುಟ್ರೆ ನನ್ನ ಊರೇ ಬುಡುಸ್ತಾರೆ ಕಣ್ ಸಾ."

"ಅಯ್ಯೋ ಅದೆಲ್ಲ ಅಲ್ಲಪ್ಪ. ಈ ಪ್ರೋಗ್ರಾಮ್ ಒಂದರ ಮಾತು ಅದು. ಅದೂ ಬೇರೆಯವರಿಗೆ ಹಂಚಿದ್ರೆ."

"ನೀವಿರೋಗಂಟ ಸರಿ ಸಾ. ನಾಳೀಕ್ ಯಾರಾರ ಇಂಗ್ಲಿಷ್ ಕಾಗ್ದ ಇಡ್ಕಂಡ್ ಬಂದು ಎಲ್ಲೋ ತೋರ್ಸಪ್ಪ ಅಂದ್ರೆ ನಾನ್ ಏನ್ ಯೋಳ್ಲಿ?"

ಸರ್ ಅವನನ್ನು ಕೂರಿಸಿ, ನೀರು ಕೊಟ್ಟು, ಬಿಳಿ ಹಾಳೆ ತೆಗೆದು ತಾವೇ ಬರೆದರು. "ಈ ಪ್ರೋಗ್ರಾಮನ್ನು ಹೇಗೆ ಬೇಕಾದರೂ ಬಳಸಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು. ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ. ಎಲ್ಲೂ ಏನನ್ನೂ ಬರೆಯಬೇಕಾಗಿಲ್ಲ. ಹೆದರಬೇಕಾಗಿಲ್ಲ." ಮೇಲೆ "ಒಪ್ಪಿಗೆ ಪತ್ರ" ಎಂದು ಹಾಕಿ ರುಜು ಮಾಡಿ ಓದಿ ಹೇಳಿದರು. ನಂಜಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ನಾನು ಒಂದು ಪ್ರತಿ ತೆಗೆದಿಟ್ಟುಕೊಂಡೆ. ಹೋಗುವಾಗ ಹಾಳೆಯನ್ನು ಮಡಿಸಲಿಲ್ಲ, ಕೊಳವೆಯ ಹಾಗೆ ಸುತ್ತಿಕೊಂಡ.

ಅವನು ಹೋದ ಮೇಲೆ ನಾನು ಕೇಳಿದೆ. "ಎಲ್ಲೂ ಏನನ್ನೂ ಬರೆಯಬೇಕಾಗಿಲ್ಲ ಅಂದ್ರೆ ಕೆಳಗಿನ ಸಾಲನ್ನೂ ತೆಗೀಬಹುದು ಅಂತ ಆಗತ್ತಲ್ವಾ ಸರ್?"

"ನಂಜಪ್ಪ ತೆಗೀತಾನಾ?"

"ಇಲ್ಲ."

"ಮತ್ತೆ?"

ಆಮೇಲೆ ಅವರೇ ಹೇಳಿದರು: "ಅವನಂಥವರು ಇನ್ನೂ ಇರ್ತಾರೆ ಕಣಮ್ಮ, ಬನ್ನೂರಲ್ಲಿ, ತಗಡೂರಲ್ಲಿ. ಎಲ್ಲರೂ ನನ್ನ ಹುಡುಕ್ಕೊಂಡು ಬರಕ್ಕಾಗತ್ತಾ? ಇದನ್ನೂ ಅದರ ಜೊತೇಲೇ ಹಾಕು."

ಇಂಟರ್‌ನೆಟ್ಟಿಗೆ ಕಡತಗಳನ್ನು ಏರಿಸುವ ಕೆಲಸ ನನ್ನದು. ಮಧ್ಯಾಹ್ನ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇಟ್ಟೆ. ಯಾವುದು ಯಾರಿಗೆ ಎಂದು ಒಂದು ಸಾಲು ಬೇಕಲ್ಲವೇ ಎಂದೆ. ಸರ್ ಯೋಚಿಸಿದರು. "ಹೆದರಿದವರಿಗೆ ಅಂತ ಹಾಕಕ್ಕಾಗತ್ತಾ? ನಂಜಪ್ಪನಿಗೆ ಅಂತ ಹೆಸರು ಹಾಕಿದ್ರೆ ಅವನಿಗೆ ಅವಮಾನ. ಒಳ್ಳೆ ಮಾತು ಹುಡುಕಿ ಹಾಕೋಣ." ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ನಾನು ಬಾಕಿ ಪಟ್ಟಿಯಲ್ಲಿ ಬರೆದುಕೊಂಡೆ: "7. ಎರಡು ಲೈಸೆನ್ಸ್. ಯಾವುದು ಯಾರಿಗೆ? ಒಂದು ಸಾಲು."

ಆ ಏಳನೆಯದನ್ನು ಹನ್ನೊಂದು ತಿಂಗಳು ದಾಟಿಸಿದ್ದೇನೆ. ಪ್ರತಿ ತಿಂಗಳ ಕೊನೆಯಲ್ಲೂ ಅಂದವಾಗಿ, ಅದೇ ನಂಬರಿನಲ್ಲಿ. ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತೆಂದು ನಂಬಿದವಳು ನಾನು. ಉಳಿದರ್ಧಕ್ಕೆ ಹತ್ತು ನಿಮಿಷವೂ ಬೇಕಿರಲಿಲ್ಲ.

ಹನ್ನೆರಡನೆಯ ತಿಂಗಳು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಮೇಡಂ ತಮ್ಮ ಫೋನಿನಲ್ಲಿ ಹೊಸ ಆ್ಯಪ್ ತೋರಿಸಿದರು. ತಾರೀಖು ಹಾಕಿದರೆ ಶ್ರಾದ್ಧದ ತಿಥಿ ಹೇಳುತ್ತದೆ, ಬೇಕಾದರೆ ಪುರೋಹಿತರನ್ನೂ ಗೊತ್ತು ಮಾಡುತ್ತದೆ. ಯಾವುದೋ ದೊಡ್ಡ ಕಂಪನಿಯದು. ನಾನು ಊರುಗಳ ಪಟ್ಟಿ ತೆರೆದೆ. ದೆಹಲಿ, ಮುಂಬಯಿಗಳ ನಡುವೆ ಕಳಲೆ ಇತ್ತು. ತಗಡೂರು ಇತ್ತು. ಇನ್ನೂ ಕೆಳಗೆ ಹೋದರೆ "ಭಾವನ ತೋಟ" ಇತ್ತು.

ಭಾವನ ತೋಟ ಊರಲ್ಲ. ಬನ್ನೂರಿನ ಹತ್ತಿರ ಸರ್ ಅವರ ಹೆಂಡತಿಯ ಅಣ್ಣನ ತೋಟ. ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದೋ ಎಂದು ನೋಡಲು ಅದರ ಅಕ್ಷಾಂಶ ರೇಖಾಂಶವನ್ನು ಹಾಕಿದ್ದು ನಾವೇ, ಹಾಕಿ ತೆಗೆಯಲು ಮರೆತದ್ದೂ ನಾವೇ.

ಸರ್ ಫೋನನ್ನು ದೂರಕ್ಕೆ ಹಿಡಿದು ನೋಡಿದರು. "ಏನಮ್ಮ ಇದು, ನಮ್ಮ ಭಾವನ ತೋಟಕ್ಕೂ ಪುರೋಹಿತರನ್ನ ಕಳಿಸ್ತಾರಂತಾ?" ಎಂದು ನಕ್ಕರು. ನಗುತ್ತಲೇ ತಿಥಿಯ ಪುಟವನ್ನು ಕೆಳಕ್ಕೆ ಸರಿಸಿದರು. ಕೆಳಗಿನ ಸಾಲು ಇರಲಿಲ್ಲ. ಇನ್ನೂ ಸರಿಸಿದರು. ಪುಟ ಮುಗಿದಿತ್ತು. ಆದರೂ ಬೆರಳಿನಿಂದ ಸರಿಸುತ್ತಲೇ ಇದ್ದರು.

ಕಂಪನಿಗೆ ಬರೆದೆವು. ಸರ್ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಹತ್ತೊಂಬತ್ತು ದಿನ ಬಿಟ್ಟು ಅವರ ವಕೀಲರಿಂದ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ತಾವು ಎರಡು ಲೈಸೆನ್ಸ್ ಕೊಟ್ಟಿದ್ದೀರಿ; ಯಾವುದು ಯಾರಿಗೆ ಅನ್ವಯಿಸುತ್ತದೆಂದು ಎಲ್ಲೂ ಹೇಳಿಲ್ಲ; ಹಾಗಿರುವಾಗ ಆಯ್ಕೆ ತೆಗೆದುಕೊಳ್ಳುವವರದು; ನಾವು ಎರಡನೆಯದನ್ನು ಆರಿಸಿಕೊಂಡಿದ್ದೇವೆ; ಅದರಂತೆ ಹೆಸರು ಹಾಕುವ ಹೊಣೆ ನಮಗಿಲ್ಲ. ಜೊತೆಗೆ ಒಪ್ಪಿಗೆ ಪತ್ರದ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿದ್ದರು. ನಂಜಪ್ಪನಿಗಾಗಿ ಬರೆದ "ಹೆದರಬೇಕಾಗಿಲ್ಲ" ಎಂಬುದನ್ನೂ ಬಿಡದೆ ಅನುವಾದಿಸಿದ್ದರು.

ವಿಭಾಗದ ಮುಖ್ಯಸ್ಥರು ಅದನ್ನು ಓದಿ ತಲೆಯಾಡಿಸಿದರು. "ಎರಡು ಬಾಗಿಲು ತೆಗೆದಿಟ್ಟ ಮೇಲೆ ಯಾವ ಬಾಗಿಲಲ್ಲಿ ಬಂದೆ ಅಂತ ಕೇಳಕ್ಕಾಗಲ್ಲ ಕಣ್ರೀ."

"ಎರಡೂ ಇದ್ರೆ ಎರಡನ್ನೂ ಓದಿ, ಎರಡಕ್ಕೂ ಸರಿಯಾಗಿ ನಡ್ಕೋತಾರೆ ಅಂದ್ಕೊಂಡಿದ್ದೆ ಸರ್," ಎಂದರು ನಮ್ಮ ಸರ್.

"ಎಲ್ಲಾರೂ ನಿಮ್ಮ ಹಾಗೆ ಎರಡು ದಿನ ಏಕಾದಶಿ ಮಾಡ್ತಾರೇನ್ರೀ?"

ಸರ್ ಆ ಮಾತಿಗೂ ಸ್ವಲ್ಪ ನಕ್ಕರು. ಆಮೇಲೆ ಇನ್ನೊಂದು ಪತ್ರ ಬರೆಸಿದರು. ಅದರಲ್ಲಿ ವಾದವಿರಲಿಲ್ಲ. ನಿಮ್ಮದು ಸರಿ, ನಮಗೆ ಬೇರೇನೂ ಬೇಡ, ದಯವಿಟ್ಟು ಕೆಳಗೆ ಒಂದು ಸಾಲು ಹಾಕಿ, ಅಕ್ಷರ ಎಷ್ಟು ಸಣ್ಣದಿದ್ದರೂ ಆದೀತು ಎಂದು. ಅದಕ್ಕೂ ಉತ್ತರ ಬಂತು. ವಿನ್ಯಾಸದಲ್ಲಿ ಅದಕ್ಕೆ ಜಾಗವಿಲ್ಲ ಎಂದಿದ್ದರು.

ಆ ದಿನ ನಾನು ಡೈರಿ ತಂದು ಅವರ ಮುಂದೆ ಇಟ್ಟೆ. ಏಳನೆಯ ನಂಬರನ್ನು ಹನ್ನೊಂದು ತಿಂಗಳಲ್ಲೂ ತೋರಿಸಿದೆ. ಬೈಯಲಿ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಹತ್ತಿರದಿಂದ ಒಂದೊಂದು ಪುಟವನ್ನೂ ನೋಡಿದರು. "ಎಲ್ಲೂ ನಂಬರ್ ಬದಲಾಗಿಲ್ಲ ನೋಡು. ಅಕ್ಷರಾನೂ ಕೆಟ್ಟಿಲ್ಲ," ಎಂದು ಹಿಂದಕ್ಕೆ ಕೊಟ್ಟರು. ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆನೇನೋ.

"ಎರಡನೆಯದನ್ನ ತೆಗೆದುಹಾಕಿಬಿಡ್ಲಾ ಸರ್? ಹಳೆಯದನ್ನ ತಗೊಂಡವರನ್ನ ಏನೂ ಮಾಡಕ್ಕಾಗಲ್ಲ. ಇನ್ನು ಮುಂದೆ ತಗೊಳ್ಳೋರಾದ್ರೂ..."

"ಅದು ನಂಜಪ್ಪನಿಗೆ ಕೊಟ್ಟಿದ್ದು ಕಣಮ್ಮ. ಅವನಣ್ಣನ ಮಗಳು ನಾಳೆ ಹುಡುಕಿ ನೋಡ್ತಾಳೆ. ಅಲ್ಲಿ ಇಲ್ಲ ಅಂದ್ರೆ ಅವನು ಮತ್ತೆ ಹೆದರ್ತಾನೆ."

ಹಾಗಾಗಿ ಅದು ಅಲ್ಲೇ ಉಳಿಯಿತು. ಸಾಲನ್ನೂ ಬರೆಯಲಿಲ್ಲ. ಇನ್ನು ಬರೆದು ಏನು ಎಂಬಂತಾಗಿತ್ತು ಇಬ್ಬರಿಗೂ.

ಒಂದು ಶನಿವಾರ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಇಬ್ಬರೂ ನಡೆದು ಹೋಗುತ್ತಿದ್ದೆವು. ನಂಜಪ್ಪನ ಅಂಗಡಿ ನಾಲ್ಕು ಮಾರು ಇದೆ ಎನ್ನುವಾಗ ಸರ್ ರಸ್ತೆ ದಾಟಿದರು. ಈ ಬದಿಯಲ್ಲಿ ನೆರಳಿತ್ತು, ಆ ಬದಿಯಲ್ಲಿ ಸುಡುಬಿಸಿಲು.

"ಇಲ್ಲೇ ನೆರಳಿತ್ತಲ್ಲ ಸರ್?"

"ನಂಜಪ್ಪನಿಗೆ ಯಾರೋ ಹೇಳಿಬಿಟ್ಟಿದಾರಮ್ಮ, ಅವನ ಪತ್ರ ಇಟ್ಕೊಂಡೇ ಕಂಪನಿಯವರು ಹೆಸರು ತೆಗೆದ್ರು ಅಂತ. ನನ್ನ ಮುಖ ಕಂಡ್ರೆ ತಲೆ ತಗ್ಗಿಸ್ಕೋತಾನೆ. ಪಾಪ, ದಿನಾ ಯಾಕೆ ಅವನಿಗೆ ಹಿಂಸೆ."

ಅವರು ಹಾಗೆ ಎಷ್ಟು ದಿನದಿಂದ ರಸ್ತೆ ದಾಟುತ್ತಿದ್ದರೋ ನನಗೆ ತಿಳಿಯದು. ದಿನಕ್ಕೆ ಎರಡು ಸಲ. ನನ್ನ ಲೆಕ್ಕದಲ್ಲಿ ಇಲ್ಲದ ಸಂಖ್ಯೆ ಅದು.

ಇನ್ನೊಂದು ಲೆಕ್ಕ ಇತ್ತು. ನಮ್ಮ ಪ್ರೋಗ್ರಾಮನ್ನು ಎಷ್ಟು ಜನ ಇಳಿಸಿಕೊಂಡರು ಎಂದು ತಿಂಗಳಿಗೊಮ್ಮೆ ನೋಡಿ ಬರೆಯುತ್ತಿದ್ದೆ. ಆ್ಯಪ್ ಬಂದ ಮೇಲೆ ಅದು ಕರಗುತ್ತ ಬಂದು ಸೊನ್ನೆಗೆ ನಿಂತಿತು. ಸೊನ್ನೆ ಬರೆದ ತಿಂಗಳುಗಳು ಐದು. ಆ ಐದನೆಯ ತಿಂಗಳ ಒಂದು ಶನಿವಾರ, ಲ್ಯಾಬ್ ಮುಚ್ಚುವ ಹೊತ್ತಿನಲ್ಲಿ, ಗೌರವಕ್ಕಿದ್ದ ನಾಲ್ಕು ಸಿಸ್ಟಮ್ಮುಗಳನ್ನು ಒರೆಸುತ್ತ ಸರ್ ಕೇಳಿದರು:

"ಈಗ ಎಲ್ಲಾದರೂ ಒಂದು ಕಡೆ, ಆ ಸಾಲಿನ ಸಮೇತ ಒಂದು ಚೀಟಿ ಬರ್ತಿದೆಯೇನಮ್ಮ?"

ನನ್ನ ಮುಂದೆ ಐದು ಸೊನ್ನೆಗಳಿದ್ದವು. "ಇಲ್ಲ ಸರ್," ಎಂದೆ.

"ಇರಲಿ," ಎಂದು ಅವರು ಪಂಚೆಯ ತುಂಡನ್ನು ಕೊಡವಿ ಕಿಟಕಿಯ ಸರಳಿಗೆ ಹಾಕಿದರು. ಎಂದಿನಂತೆ ಅದರ ಎರಡು ಅಂಚನ್ನೂ ಸಮ ಮಾಡಿದರು. ಸೋಮವಾರ ಬೆಳಿಗ್ಗೆ ಕಂಡಕ್ಟರನ ಕರೆ ಬಂತು. ನಿವೃತ್ತಿಗೆ ಇನ್ನೂ ಆರು ತಿಂಗಳಿತ್ತು.

ಇದೆಲ್ಲ ಕಳೆದು ವರ್ಷವಾಗುತ್ತ ಬಂತು. ಮೊನ್ನೆ ಬುಧವಾರ ಶಾರದಕ್ಕ ಮೈಸೂರಿನಿಂದ ಬಂದರು, ನಾನು ನಂಜನಗೂಡಿನಿಂದ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕುಳಿತೇ ಅವರು ಫೋನಿನಲ್ಲಿದ್ದ ಅದೇ ಕಂಪನಿಯ ಆ್ಯಪಿಗೆ ಹೊತ್ತು ಹಾಕಿದರು. ನನ್ನ ಡೈರಿಯ ಕರೆಯ ಹೊತ್ತಿನಿಂದ ಐದು ನಿಮಿಷ ಕಳೆದು ಎಂಟು ಇಪ್ಪತ್ತು. ಮಾರ್ಗಶಿರ ಬಹುಳ ತದಿಗೆ ಎಂದು ಬಂತು. ಆಸ್ಪತ್ರೆಯ ಹತ್ತು ಗಂಟೆ ಹಾಕಿದರೆ ಚೌತಿ. "ಸರಿ ಹೋಯ್ತು, ತದಿಗೆ," ಎಂದು ಅವರು ಫೋನು ಮುಚ್ಚಿದರು. ನನಗೆ ಮಾತ್ರ ಏನೋ ತಡೆಯಿತು. ಅವರ ತಿಥಿಯನ್ನು ಆ ಆ್ಯಪಿನಿಂದ ತೆಗೆಯುವುದು ಹೇಗೆ?

"ಶಾರದಕ್ಕ, ನಂಜಪ್ಪನ ಅಂಗಡಿಗೆ ಹೋಗೋಣ. ಹಳೆ ಪ್ರೋಗ್ರಾಮ್ ಅವನ ಹತ್ರ ಇನ್ನೂ ಇದ್ರೂ ಇರಬಹುದು."

ನೆರಳಿನ ಬದಿಯಲ್ಲೇ ನಡೆದೆವು. ನಂಜಪ್ಪ ನಮ್ಮನ್ನು ಕಂಡು ಎದ್ದು ನಿಂತ. ಶಾರದಕ್ಕನ ಮುಖ ನೋಡಲಿಲ್ಲ. ನಾನು ತಾರೀಖು, ಹೊತ್ತು ಹೇಳಿದೆ.

"ಸಾ ಅವ್ರದಾ?" ಎಂದ. ನಾವು ಹೌದೆನ್ನುವುದಕ್ಕೆ ಮುಂಚೆಯೇ ಕೂತು ಒತ್ತತೊಡಗಿದ. ಹಳೆಯ ಪ್ರೋಗ್ರಾಮೇ. ಊರಿನ ಪಟ್ಟಿ ತೆರೆದಾಗ ಭಾವನ ತೋಟವೂ ಕಂಡಿತು. ಪ್ರಿಂಟರ್ ಕಿರ್ರೆಂದು ಚೀಟಿ ಹೊರಗೆ ಹಾಕಿತು. ತದಿಗೆ ಎಂದಿತ್ತು. ಆದರೆ ಕೆಳಗಿನ ಸಾಲು ಇರಲಿಲ್ಲ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ನಂಜಪ್ಪ ಕಂಡ.

"ತಡೀರವ್ವ. ಈ ಪ್ರಿಂಟ್ರು ಕೆಟ್ಟೋಗಿ ಕ್ಯಾಳ್ಗಡೆ ಸಾಲ ನುಂಗ್ಬುಡ್ತದೆ. ಸರಿ ಮಾಡೋರು ಇದ್ರ ಸಾಮಾನು ಸಿಕ್ಕಲ್ಲ ಅಂದ್ರು." ಡ್ರಾಯರಿನಿಂದ ಒಂದು ರಬ್ಬರ್ ಸೀಲು ತೆಗೆದು, ನೀಲಿ ಪ್ಯಾಡಿಗೆ ಒತ್ತಿ, ಚೀಟಿಯ ಕೆಳಗೆ ಇಟ್ಟು ಅಂಗೈಯಿಂದ ಒತ್ತಿದ. ಗಣಿತ: ಜೋಯಿಸ ಸುಬ್ಬಾನರಸಿಂಹಯ್ಯ, ತಿರುಮಕೂಡಲು.

ಶಾರದಕ್ಕ ಚೀಟಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು. "ತಾತನ ಹೆಸರು," ಎಂದರು.

"ನಿಮಗೆ ಹೆಸರು ಹಾಕಬೇಕಾಗಿಲ್ಲ ಅಂತ ಸರ್ ಬರೆದುಕೊಟ್ಟಿದ್ರಲ್ಲ ನಂಜಪ್ಪನೋರೆ?" ಎಂದೆ.

ಅವನು ಹಿಂದಿನ ಗೋಡೆ ತೋರಿಸಿದ. ಒಪ್ಪಿಗೆ ಪತ್ರ ಕಟ್ಟು ಹಾಕಿಸಿಕೊಂಡು ದೇವರ ಪಟಗಳ ಸಾಲಿನಲ್ಲಿತ್ತು. "ಆಕ್ಬೇಕಿಲ್ಲ ಅಂದವ್ರೆ. ಆಕ್ಬ್ಯಾಡ ಅಂದಿಲ್ವಲ್ಲವ್ವ."

ಸೀಲನ್ನು ಡ್ರಾಯರಿಗೆ ಹಾಕುತ್ತ ಅವನೇ ಹೇಳಿದ: "ನನ್ ಪುಕ್ಕಲು ಬುದ್ಧಿಯಿಂದ ತಾನೆ ಅವ್ರಪ್ಪನ್ ಎಸ್ರು ಓಗಿದ್ದು. ಸಾ ಬಂದು ಎಲ್ಡು ಬೈಯ್ಯಲಿ ಅಂತ ಕಾಯ್ತಿದ್ದಿ ಕಣವ್ವ. ಅವ್ರು ಆ ಕಡೀಕೇ ರಸ್ತೆ ದಾಟ್ಕಂಡ್ ಓಗೋರು. ನನ್ ಮ್ಯಾಲೆ ಕ್ವಾಪ ಅಂದ್ಕಂಡು ನಾನೂ ಮಾತಾಡ್ಸ್‌ಲಿಲ್ಲ."

ಸರ್ ಯಾಕೆ ರಸ್ತೆ ದಾಟುತ್ತಿದ್ದರೆಂದು ನಾನು ಹೇಳಿದೆ. ಅವನು ಕೇಳಿಸಿಕೊಂಡು ಹೊರಗೆ ಬಿಸಿಲಿನ ಕಡೆ ನೋಡಿದ. ಆ ಹೊತ್ತಿನಲ್ಲಿ ಯಾರೋ ಆಧಾರ್ ಜೆರಾಕ್ಸ್ ಕೇಳಿಕೊಂಡು ಬಂದರು. ಅವನು ಯಂತ್ರದ ಮುಚ್ಚಳ ಎತ್ತಿ ಕಾಗದ ಇಡುವುದನ್ನು ಮರೆತು ಹಾಗೇ ನಿಂತಿದ್ದ. "ಬೇಗ ಮಾಡ್ಕೊಡಣ್ಣೋ, ಬಸ್ಸು ಓಯ್ತದೆ" ಎಂದು ಅವರು ಗದರಿದ ಮೇಲೆ ಕೈ ಆಡಿತು.

ಅವರು ಹೋದ ಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ಒಪ್ಪಿಗೆ ಪತ್ರ ಯಾರಿಗೆ ಬರೆದದ್ದೆಂದು ಇಂಟರ್‌ನೆಟ್ಟಿನಲ್ಲಿ ಒಂದು ಸಾಲು ಹಾಕಬೇಕು, ನಿಮ್ಮ ಹೆಸರು ಹಾಕಿದರೆ ನಿಮಗೆ ಅವಮಾನ ಎಂದು ಸರ್ ಬಿಟ್ಟಿದ್ದರು ಎಂದೆ.

"ಎದ್ರುದ್ದು ನಿಜ ತಾನೆ? ಆಕವ್ವ. ನನ್ ಎಸ್ರೂ ಆಕು, ಅಂಗ್ಡಿ ಎಸ್ರೂ ಆಕು."

ಶಾರದಕ್ಕನೂ ಹೂಂ ಎಂದರು. ಇದರಿಂದ ಕಂಪನಿಗೆ ಏನೂ ಆಗುವುದಿಲ್ಲ. ಅವರು ಆರಿಸಿಕೊಂಡದ್ದು ಆಗಿಹೋಗಿದೆ. ಆದರೂ ರಾತ್ರಿಯಾಗುವ ಮುಂಚೆಯೇ, ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ಏಳನೆಯ ಕೆಲಸವನ್ನು ಮುಗಿಸಿದೆ. ಏಳು ನಿಮಿಷ ಹಿಡಿಯಿತು.

ಅಂಗಡಿಯಿಂದ ಹೊರಡುವ ಮುಂಚೆ ಅಭ್ಯಾಸಬಲದಿಂದ ಇನ್ನೊಂದು ಪ್ರಶ್ನೆ ಕೇಳಿದ್ದೆ. ಇಂಥ ಚೀಟಿ ಈವರೆಗೆ ಎಷ್ಟು ಕೊಟ್ಟಿರಬಹುದು ಎಂದು.

"ಲೆಕ್ಕ ಯಾರವ್ವ ಮಡಗ್ತಾರೆ?" ಎಂದು ನಂಜಪ್ಪ ಡ್ರಾಯರಿನ ಮೂಲೆಯಿಂದ ಇನ್ನೊಂದು ಸೀಲು ತೆಗೆದ. "ಇದು ಮೊದಲ್ನೇದು. ಒತ್ತಿ ಒತ್ತಿ ರಬ್ಬರ್ ಸವ್ದೋಯ್ತು. ಸಾ ಇದ್ದಾಗ್ಲೇ ಓಯ್ತು. ಈಗಿರೋದು ಎಲ್ಡ್ನೇದು."

ಸಾ ಇದ್ದಾಗಲೇ.

ಸವೆದ ಸೀಲನ್ನು ಕೇಳಿದೆ, ಕೊಟ್ಟ. ಮನೆಗೆ ಬಂದು ಕಳೆದ ವರ್ಷದ ಡೈರಿ ತೆಗೆದು ಆ ಶನಿವಾರದ ಪುಟ ಹುಡುಕಿದೆ. "ಎಲ್ಲಾದರೂ ಒಂದು ಚೀಟಿ ಬರುತ್ತಿದೆಯೇ ಎಂದು ಸರ್ ಕೇಳಿದರು. ಇಲ್ಲ ಎಂದೆ." ನಾನು ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ, ಹೊಡೆದುಹಾಕಲಿಲ್ಲ. ಸೀಲಿಗೆ ಶಾಯಿ ಹಚ್ಚಿ ಅದರ ಕೆಳಗೆ ಇಟ್ಟು, ನಂಜಪ್ಪನ ಹಾಗೆ ಅಂಗೈಯಿಂದ ಒತ್ತಿ ತೆಗೆದೆ. ಅಕ್ಷರಗಳು ಅಲ್ಲಲ್ಲಿ ಮಾತ್ರ ಮೂಡಿದವು. ಓದಲು ಅಷ್ಟು ಸಾಕು.